ಹಂದಿಯ ಪಾಲಿನ ಜೋಳ

ಮೆಕ್ಸಿಕೋದಲ್ಲಿ ಆ ವರ್ಷ ರೊಟ್ಟಿಯ ಬೆಲೆ ಇಳಿಸಿದ್ದು ಸರ್ಕಾರ ಎನ್ನುವವರಿದ್ದಾರೆ. ಶುದ್ಧ ಸುಳ್ಳು. ಇಳಿಸಿದವಳು ನಾನು, ಫಿದೆಲಾ. ಜೊತೆಗಿದ್ದದ್ದು ನನ್ನ ಹಂದಿ.

ಗಡಿಯಾಚೆ ಅಮೆರಿಕದವರು ಮೆಕ್ಕೆಜೋಳದಿಂದ ಕಾರಿಗೆ ಇಂಧನ ತೆಗೆಯತೊಡಗಿದ್ದರು. ಇತ್ತ ನಮ್ಮೂರಿನ ಒಂದೇ ಒಂದು ರೊಟ್ಟಿ ಯಂತ್ರದ ಒಡೆಯ ದೋನ್ ಎರ್ಮಿಲೊ, ಕಿಲೋಗೆ ಆರು ಪೆಸೊ ಇದ್ದದ್ದನ್ನು ಹತ್ತು ಮಾಡಿದ, ಆಮೇಲೆ ಹನ್ನೆರಡು ಮಾಡಿದ. ಅವನ ಅಂಗಡಿಯ ಮುಂದಿನ ಸಾಲಿನ ಬಾಲ ಪಕ್ಕದ ಊರಿನಲ್ಲಿತ್ತು.

"ಏನ್ರೀ ದೋನ್ ಎರ್ಮಿಲೊ, ಹಿಟ್ಟಿಗೆ ಬೆಳ್ಳಿ ಬೆರೆಸ್ತೀರಾ?" ಎಂದೆ.

"ನಾನೇನ್ ಮಾಡ್ಲಿ ದೋನ್ಯಾ ಫಿದೆಲಾ? ಜೋಳಾನೆಲ್ಲ ಆಚೆಯವ್ರ ಕಾರು ತಿಂತಾವೆ. ಹೋಗಿ ಕಾರಿನ ಹತ್ರ ಜಗಳ ಆಡಿ!"

ಸಾಲಿಗೆ ಸಾಲೇ ನಕ್ಕಿತು. ಒಬ್ದುಲಿಯಾ ಮಾತ್ರ ನಗಲಿಲ್ಲ. ಅವಳ ಮಗಳಿಗೆ ನಾನೇ ಧರ್ಮತಾಯಿ. ಇಟ್ಟಿಗೆ ಭಟ್ಟಿಯ ಮುಂದೆ ಅವಳದೊಂದು ಊಟದ ಗಾಡಿ.

"ಈ ಬೆಲೆಗೆ ರೊಟ್ಟಿ ಕೊಂಡ್ರೆ ನಂಗೇನೂ ಗಿಟ್ಟಲ್ಲ ಕಣೇ. ಊಟದ ರೇಟ್ ಏರಿಸಿದ್ರೆ ಭಟ್ಟಿಯೋರು ಬರಲ್ಲ. ಶನಿವಾರ ಗಾಡಿ ಮಾರಿಬಿಡ್ತೀನಿ."

"ಮಾರು ನೋಡೋಣ. ನಾನಿನ್ನೂ ಸತ್ತಿಲ್ಲ!"

ಹೇಳಿದ್ದೇನೋ ಹೇಳಿದೆ, ಉಪಾಯ ಎಲ್ಲಿತ್ತು? ಮನೆಗೆ ಬಂದು ಸಿಟ್ಟಿನಲ್ಲೇ ಹಂದಿಯ ಮುಂದೆ ಮೇವು ಸುರಿದೆ. ನನ್ನ ಹಂದಿ ಚರ್ಚಿನ ಬಾಗಿಲಲ್ಲಿ ಹಿಡಿಸದಷ್ಟು ದಪ್ಪ. ಕಟಕಟ ಅಗಿಯುತ್ತಿತ್ತು. ಬಗ್ಗಿ ನೋಡಿದೆ: ನೀಲಿ ಮೆಕ್ಕೆಜೋಳ! ನಮ್ಮ ಹೊಲದ್ದು, ನನ್ನಜ್ಜಿ ಕಾಪಾಡಿದ ಬೀಜದ್ದು. ಯಂತ್ರದ ರೊಟ್ಟಿ ಅಗ್ಗವಾಗಿದ್ದ ಕಾಲದಲ್ಲಿ, ಸುಣ್ಣದ ನೀರಲ್ಲಿ ಬೇಯಿಸಿ ಕಲ್ಲಲ್ಲಿ ಅರೆಯುವ ಪಾಡು ಯಾರಿಗೆ ಬೇಕೆಂದು, ಇಡೀ ಊರು ಮನೆಯ ಜೋಳವನ್ನು ಹಂದಿಗೆ ಹಾಕಿ ಅಂಗಡಿಯ ರೊಟ್ಟಿ ತಿನ್ನುವುದನ್ನು ಕಲಿತಿತ್ತು.

"ಒಬ್ದುಲಿಯಾ!" ನನ್ನ ಕೂಗಿಗೆ ಊರಾಚೆಯ ಜ್ವಾಲಾಮುಖಿ ಬೆಚ್ಚಿಬಿದ್ದು ಹೊಗೆ ಬಿಟ್ಟಿತು. "ಅಲ್ಲಿ ಕಾರು ತಿಂತು, ಇಲ್ಲಿ ಹಂದಿ ತಿಂತು, ಮಧ್ಯೆ ನಾವು ಸಾಲಲ್ಲಿ ನಿಂತಿದೀವಲ್ಲೇ!"

ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಹಂದಿಯ ಬಾಯಿಂದ ಕಿತ್ತು ಬುಟ್ಟಿಗಟ್ಟಲೆ ಜೋಳ ತಂದರು. ಕೋಳಿ ಮಲಗುತ್ತಿದ್ದ ಅರೆಯುವ ಕಲ್ಲುಗಳನ್ನು ತೊಳೆದೆವು. ನಾನೊಬ್ಬಳೇ ಒಂದು ಬೆಳಗ್ಗೆ ಹತ್ತು ಸಾವಿರ ರೊಟ್ಟಿ ತಟ್ಟಿದೆ. ಒಬ್ದುಲಿಯಾ ಇನ್ನೂರು ಅನ್ನುತ್ತಾಳೆ. ಅವಳಿಗೆ ಲೆಕ್ಕ ಬರುವುದಿಲ್ಲ.

ಶುಕ್ರವಾರ ಭಟ್ಟಿಯ ಮುದುಕ ಮೇಸ್ತ್ರಿ ಬೀನ್ಸ್ ಕಾಳು ಸುತ್ತಿದ ನೀಲಿ ರೊಟ್ಟಿಯನ್ನು ಒಂದು ತುತ್ತು ಕಚ್ಚಿ, ಕಣ್ಣು ಮುಚ್ಚಿ ಅಗಿಯತೊಡಗಿದ.

"ಯಾಕಜ್ಜ, ಉಪ್ಪು ಜಾಸ್ತಿನಾ?"

"ಮಾತಾಡಿಸ್ಬೇಡ ಕಣಮ್ಮ. ನಮ್ಮವ್ವನ ರೊಟ್ಟಿ ತಿಂತಿದೀನಿ."

ಶನಿವಾರ ಗಾಡಿ ಮಾರುವುದಿರಲಿ, ಅದರ ಸುತ್ತ ಕಾಲಿಡಲು ಜಾಗವಿರಲಿಲ್ಲ. ಊಟದ ಬೆಲೆ ಹಳೆಯದೇ. ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ಒಬ್ಬ ಬಂದ.

"ಎರಡು ಕೊಡಿ."

"ಒಂದು ನಿಮಗೆ, ಒಂದು ಕಾರಿಗಾ, ದೋನ್ ಎರ್ಮಿಲೊ?"

ಭಟ್ಟಿಯ ಹೊಗೆಗೂಡು ಅಲುಗಾಡುವಂತೆ ಎಲ್ಲರೂ ನಕ್ಕರು. ಆತ ತಲೆ ತಗ್ಗಿಸಿ ಹನ್ನೊಂದು ತಿಂದ. ಸೋಮವಾರ ಅವನ ಅಂಗಡಿಯ ಬೆಲೆ ಹಲಗೆಯ ಮೇಲೆ ಮತ್ತೆ ಆರು ಪೆಸೊ.

ಹಂದಿ ಮಾತ್ರ ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದೆ.