ಷಷ್ಠಿಯ ಬೆಕ್ಕು, ನನ್ನ ನಾಯಿ

ಶ್ಯಾಮಬಜಾರಿನ ನಮ್ಮ ಮನೆಯಲ್ಲಿ ಯಾರು ಮೈ ಕೆರೆದುಕೊಂಡರೂ ತಪ್ಪು ನನ್ನ ನಾಯಿ ಭೋಂಬಲನದೇ. ಪಾಪ, ಕೆರೆದೂ ಕೆರೆದೂ ಅವನ ಬಾಲದ ಬುಡ ಬೋಳಾಗಿತ್ತು. ಚಿಗಟದ ಕಾಟ, ಮನೆಯ ಎಲ್ಲ ಪ್ರಾಣಿಗಳಿಗೂ ಔಷಧ ಹಾಕಿ, ಹಾಸಿಗೆಯನ್ನೆಲ್ಲ ಬಿಸಿನೀರಲ್ಲಿ ಒಗೆಯಿರಿ ಎಂದು ಪ್ರಾಣಿಗಳ ಡಾಕ್ಟರು ಹೇಳಿ, ಬೆಕ್ಕಿಗೂ ಬೇರೆ ಔಷಧ ಕೊಟ್ಟಿದ್ದರು. ಭೋಂಬಲನಿಗೆ ಅಂದೇ ಹಾಕಿದೆ. ಆದರೆ ಪುಂಟಿ ಎಂಬ ಆ ಬೆಕ್ಕು ಅಣ್ಣನ ಹೆಂಡತಿ, ಅಂದರೆ ನನ್ನ ಬೌದಿಯದು.

"ಷಷ್ಠಿದೇವಿಯ ವಾಹನದ ಕತ್ತಿಗೆ ವಿಷ ಸುರೀತೀಯಾ? ಮೊಮ್ಮಗನಿಗೆ ಏನಾದ್ರೂ ಆದ್ರೆ ನೀನು ಹೊಣೆನಾ?" ಎಂದು ಬೌದಿ ಬೆಕ್ಕನ್ನು ಸೆರಗಲ್ಲಿ ಮುಚ್ಚಿಕೊಂಡರು. ಮಕ್ಕಳನ್ನು ಕಾಯುವ ದೇವಿಯ ವಾಹನವಂತೆ! ಮೀನಿನ ತಲೆ ತಿಂದು ಮೊಮ್ಮಗ ಟುಕಾಯಿಯ ಹಾಸಿಗೆಯಲ್ಲೇ ಬಿದ್ದಿರುತ್ತದೆ.

"ದೇವಿ ಬೆಕ್ಕಿನ ಮೇಲೆ ಕೂರ್ತಾಳೆ ಬೌದಿ, ಚಿಗಟದ ಮೇಲಲ್ಲ."

"ಬಾಯಿ ಮುಚ್ಚು! ಭಾನುವಾರ ಪ್ರಾಣಿಗಳ ಆಶ್ರಮದವನು ಬರ್ತಾನೆ, ನಿನ್ನ ನಾಯಿ ತೊಲಗುತ್ತೆ. ಅಲ್ಲೀವರೆಗೆ ತಾರಸಿ ಮೇಲೆ ಕಟ್ಟು."

ಮದುವೆಯಾಗದೆ ಉಳಿದ ನಾದಿನಿ ನನ್ನನ್ನು ಓಡಿಸಲಾಗದೆ ನಾಯಿಯನ್ನು ಓಡಿಸಲು ಹೊರಟಿದ್ದರು. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೂ ಕಟ್ಟಿದೆ.

ಭೋಂಬಲ ತಾರಸಿಯಲ್ಲಿದ್ದರೂ ಶನಿವಾರದ ಹೊತ್ತಿಗೆ ಟುಕಾಯಿಯ ಕಾಲ ತುಂಬ ಕೆಂಪು ಗಂದೆಗಳು ಎದ್ದವು.

"ನಾಯಿಯ ಗಾಳಿ ಮೆಟ್ಟಿಲಿಳಿದು ಬಂದಿದೆ," ಎಂದರು ಬೌದಿ.

ಭಾನುವಾರ ಆಶ್ರಮದವನು ಹಗ್ಗ ಹಿಡಿದು ಬಾಗಿಲಿಗೆ ಬಂದ. ನಾನು ಪುಂಟಿಯನ್ನು ಹಿಡಿದು, ಒದ್ದೆ ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ, ಬೆನ್ನನ್ನು ಹೇನು ಬಾಚಣಿಗೆಯಿಂದ ಬಾಚಿದೆ. ಕರಿ ಪುಡಿ ಉದುರಿ, ನೋಡನೋಡುತ್ತ ಕೆಂಪಾಗಿ ಹರಡಿತು.

"ಚಿಗಟದ ಹಿಕ್ಕೆ. ಕುಡಿದ ರಕ್ತ ಅದು."

"ನನ್ನ ಸಿಂಧೂರ ಉದುರಿದ್ದು!"

"ಸಿಂಧೂರ ಇಡೋದು ನಿಮ್ಮ ಬೈತಲೆಗೋ, ಬೆಕ್ಕಿನ ಬೆನ್ನಿಗೋ?"

ಬೌದಿಯ ಸೊಸೆ ತನುಶ್ರೀ ಅಡುಗೆಮನೆಯಿಂದ ಬಂದಳು. ಅತ್ತೆಯೆದುರು ಒಮ್ಮೆಯೂ ದನಿ ಎತ್ತಿದವಳಲ್ಲ. ಬಟ್ಟೆ ನೋಡಿದಳು, ಮಗನ ಕಾಲು ನೋಡಿದಳು. ಬೆಕ್ಕನ್ನು ಎತ್ತಿಕೊಂಡು ಅದರ ಕತ್ತಿನ ಕೂದಲು ಬಿಡಿಸಿ ಹಿಡಿದಳು.

"ಔಷಧ ಹಾಕಿ, ಪಿಶಿಮಾ," ಎಂದಳು ನನಗೆ.

"ಬೌಮಾ! ನನ್ನ ಮಾತು ಮೀರ್ತೀಯಾ?" ಬೌದಿ ಸೊಸೆಯ ಮೇಲೆ ಹರಿಹಾಯ್ದರು.

"ಮೀರ್ತೀನಿ, ಮಾ. ಕಚ್ಚಿಸಿಕೊಂಡಿರೋದು ನನ್ನ ಮಗ."

ಡಾಕ್ಟರು ಬೆಕ್ಕಿಗೆಂದು ಕೊಟ್ಟಿದ್ದನ್ನು ಹಾಕಿದೆ. ತನುಶ್ರೀ ಬೆಕ್ಕನ್ನು ಕೆಳಗಿಳಿಸಿ ತಾರಸಿಯ ಮೆಟ್ಟಿಲು ಹತ್ತಿದಳು. ಬೌದಿ ಆಶ್ರಮದವನ ಕಡೆ ತಿರುಗಿ ಕಿರುಚಿದರು: "ಏನ್ ನೋಡ್ತಾ ನಿಂತಿದ್ದೀಯ? ಹೋಗಿ ನಾಯಿ ಹಿಡಿ! ಈ ಮನೇಲಿ ಹೇಳೋಳು ನಾನು!"

ಅವನು ಮೆಟ್ಟಿಲ ಕಡೆ ನೋಡಿದ. ಆಗಲೇ ತನುಶ್ರೀ ಭೋಂಬಲನನ್ನು ಬಿಚ್ಚಿ, ಕೆಳಗೆ ಕರೆದುಕೊಂಡು ಬರುತ್ತಿದ್ದಳು. "ನಾಯಿ ಎಲ್ಲೂ ಹೋಗಲ್ಲ, ನೀವು ಹೊರಡಿ," ಎಂದಳು ಅವನಿಗೆ.