ನೆಗಡಿಯ ಫೈಲಿಗೆ ಎರಡನೆಯ ಕೋಡ್

ವೈದ್ಯರು ಗೀಚಿದ ಕಾಯಿಲೆಗೆ ಕೋಡ್ ಹಾಕುವುದು ಅವಳ ಕೆಲಸ. ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು, ಒಂಬತ್ತು ವರ್ಷದಿಂದ ಊರಿನವರ ಕೆಮ್ಮು, ಗಂಟಲುನೋವನ್ನೆಲ್ಲ ಅಂಕಿಗಳಾಗಿ ಮಾಡಿದವಳು. ಸೋಂಕು ಮೂಗಿನದೋ ಗಂಟಲಿನದೋ ಎಂದು ಬಿಡಿಸಿ ಬರೆಯದ ನೆಗಡಿಗೆಲ್ಲ ಒಂದೇ ಕೋಡ್: ಜೆ ಸೊನ್ನೆ ಆರು ಪಾಯಿಂಟ್ ಒಂಬತ್ತು. ದಿನಕ್ಕೆ ನೂರು ಸಲ ಕುಟ್ಟಿ ಕುಟ್ಟಿ ಅದು ಬೆರಳಿಗೇ ಬಾಯಿಪಾಠವಾಗಿತ್ತು.

ಅಣ್ಣ ಬಸ್ ಡ್ರೈವರ್. ನೆಗಡಿಯೆಂದು ಇದೇ ಆಸ್ಪತ್ರೆಗೆ ಬಂದುಹೋದ ಮೂರನೆಯ ದಿನ ಅವನ ಎದೆಬಡಿತ ನಿಂತಿತ್ತು. ಅವನು ಹೋದ ಎಂಟನೆಯ ದಿನವೇ ಅವಳು ಕೆಲಸಕ್ಕೆ ಬಂದಳು. ಅಳು ಬರಬೇಕಿತ್ತು, ಬರಲಿಲ್ಲ. "ಗಟ್ಟಿಗಿತ್ತಿ ಕಣೆ ನೀನು" ಎಂದಳು ಪಕ್ಕದ ಮೇಜಿನವಳು. ಗಟ್ಟಿಯಂತೆ, ಮಣ್ಣಾಂಗಟ್ಟಿ! ಒಳಗೆಲ್ಲ ಮರಗಟ್ಟಿತ್ತು, ಅಷ್ಟೇ. ಅತ್ತಿಗೆ, ಬರೀ ಮಾತ್ರೆ ಕೊಟ್ಟು ಕಳಿಸಿದ ಡಾಕ್ಟರ ಮೇಲೆ ದೂರು ಕೊಟ್ಟಿದ್ದಳು. ಆತನ ಕೆಲಸ ಹೋದಂತೆಯೇ ಎಂದು ಕ್ಯಾಂಟೀನಿನಲ್ಲಿ ಗುಸುಗುಸು.

ಮಧ್ಯಾಹ್ನ ಅಣ್ಣನ ಫೈಲೇ ಪರದೆಗೆ ಬಂತು. ಮನೆಯವರ ಫೈಲನ್ನು ಪಕ್ಕದವರಿಗೆ ಕೊಡಬೇಕೆಂಬ ನಿಯಮವಿದೆ. ಅವಳು ಕೊಡಲಿಲ್ಲ.

ಡಾಕ್ಟರು ಬರೆದದ್ದು: 'ತೀವ್ರ ನೆಗಡಿ. ಇಸಿಜಿ ಮಾಡಿಸಿ.' ಕೆಳಗೆ ನರ್ಸ್ ಬರೆದದ್ದು: 'ರೋಗಿ ಇಸಿಜಿ ಬೇಡ ಎಂದರು. ತಂಗಿ ಇಲ್ಲಿಯೇ ಕೆಲಸ ಮಾಡುತ್ತಾಳೆ, ಬರೀ ನೆಗಡಿ ಎಂದಿದ್ದಾಳಂತೆ.'

ಹೌದು, ಅಂದಿದ್ದಳು. ಆ ಬೆಳಿಗ್ಗೆ ಫೋನಿನಲ್ಲಿ ಅಣ್ಣ, "ಎದೆ ಯಾಕೋ ಹಿಡಿದ ಹಾಗಿದೆ ಪುಟ್ಟಿ" ಎಂದಾಗ, ಕೈಯಲ್ಲಿನ ಫೈಲು ಬಿಡದೆಯೇ, "ಜೆ ಸೊನ್ನೆ ಆರು ಪಾಯಿಂಟ್ ಒಂಬತ್ತು! ಬರೀ ನೆಗಡಿ ಅಣ್ಣ, ಸುಮ್ನೆ ಗಾಬರಿ ಬೀಳ್ಬೇಡ" ಎಂದು ನಕ್ಕಿದ್ದಳು. ಮುಖ ನೋಡದೆ ಕೋಡ್ ಹಾಕಿಯೇ ರೂಢಿಯಾದವಳಿಗೆ ಅದು ತಪ್ಪೆನಿಸಿರಲಿಲ್ಲ.

ರೋಗಿಯೇ ಪರೀಕ್ಷೆ ಬೇಡವೆಂದರೆ ಅದಕ್ಕೂ ಒಂದು ಕೋಡ್ ಇದೆ. ವಿಚಾರಣೆಯವರು ಮೊದಲು ನೋಡುವುದು ಕೋಡ್‌ಗಳ ಪಟ್ಟಿಯನ್ನು. ಅಲ್ಲಿ ನೆಗಡಿಯೊಂದೇ ಇದ್ದರೆ ನರ್ಸ್ ಬರೆದದ್ದರ ತನಕ ಯಾರೂ ಹೋಗುವುದಿಲ್ಲ, ತಪ್ಪೆಲ್ಲ ಡಾಕ್ಟರ ತಲೆಗೆ.

ಅವಳು ಎರಡನೆಯ ಕೋಡನ್ನೂ ಹಾಕಿದಳು. ಮೆಟ್ಟಿಲ ಬಳಿ ನಿಂತು ಅತ್ತಿಗೆಗೆ ಫೋನ್ ಮಾಡಿ, ಫೈಲು ಓದುವ ದನಿಯಲ್ಲೇ ಎಲ್ಲ ಹೇಳಿದಳು.



"ನಂಗೊತ್ತಿತ್ತು ಕಣೆ" ಎಂದಳು ಅತ್ತಿಗೆ. "ನಿಮ್ಮಣ್ಣಾನೇ ಅವತ್ತು ಮನೆಗೆ ಬಂದು ನಗ್ತಾ ಹೇಳಿದ್ರು. ನಂಗೆ ಯಾರನ್ನಾದ್ರೂ ಬೈಲೇಬೇಕಿತ್ತು. ನಿನ್ನ ಬೈಯೋಕೆ ಬಾಯಿ ಬರ್ಲಿಲ್ಲ. ದೂರು ವಾಪಸ್ ತಗೋತೀನಿ ಬಿಡು."

ಅವಳು ಮರಳಿ ಬಂದು ಕುಳಿತಳು. ಮುಂದಿನ ಫೈಲು ಕಾಯುತ್ತಿತ್ತು: ಮೂವತ್ತರ ಹೆಂಗಸು, ನೆಗಡಿ, ಗಂಟಲುನೋವು. ಬೆರಳು ತಾನಾಗಿ ಓಡಲಿಲ್ಲ. ನರ್ಸ್ ಬರೆದದ್ದನ್ನು ಮೊದಲ ಸಾಲಿನಿಂದ ಓದತೊಡಗಿದಳು, ಕಣ್ಣು ಮಂಜಾಗಿ ಅಕ್ಷರ ಕಾಣದಾಗುವವರೆಗೆ.