ಎರಡೂ ಕೋಣೆಯಲ್ಲಿ ಬಿಟ್ಟ ಸಾಲು

"ಬರಲಿ, ಬರಲಿ, ಇನ್ನೂ ಸ್ವಲ್ಪ ಬರಲಿ... ಸಾಕಪ್ಪಾ ಸಾಕು, ಗೋಡೆಗೆ ಗುದ್ದೀಯ!"

ಶವದ ಗಾಡಿ ಓಣಿಯೊಳಗೆ ಹಿಮ್ಮುಖವಾಗಿ ಬರುತ್ತಿತ್ತು. ಗ್ರಂಥಾಲಯದ ಮೇಲ್ವಿಚಾರಕರು ಎರಡೂ ಕೈ ಬೀಸುತ್ತ ಚಾಲಕನಿಗೆ ದಾರಿ ತೋರಿಸುತ್ತಿದ್ದರು. ಎಲ್ಲಿ ಹೋದರೂ ಮೇಲ್ವಿಚಾರಣೆ ಮಾಡದೆ ಅವರಿಗೆ ಇರಲಾಗದು. ಎಡಗೋಣೆಯವರು ಮೆಟ್ಟಿಲ ಮೇಲೆ ನಿಂತು ಅದನ್ನೇ ನೋಡುತ್ತಿದ್ದರು. ಒಳಗೆ ಹೋಗುವ ಧೈರ್ಯ ಅವರಿಗಿನ್ನೂ ಬಂದಿರಲಿಲ್ಲ.

ಒಳಗೆ ಮಲಗಿದ್ದವರು ಬಲಗೋಣೆಯವರು. ಹೆಸರುಗಳೇನೋ ಇದ್ದವು, ಹಾಜರಿ ಪುಸ್ತಕದಲ್ಲಿ. ಆದರೆ ಹದಿನಾಲ್ಕು ವರ್ಷ ಗ್ರಂಥಾಲಯದಲ್ಲಿ ಎಲ್ಲರೂ ಅವರಿಬ್ಬರನ್ನು ಕೂರುವ ಕೋಣೆಯಿಂದಲೇ ಕರೆದರು.

"ನೀವು ಯಾವ ಕಡೆಯವರು?" ಎಂದು ಬಾಗಿಲಲ್ಲಿ ಸತ್ತವರ ಅಕ್ಕ ಕೇಳಿದರು. ಅವರ ತೋಳಿನಲ್ಲಿ ಒಂದೂವರೆ ತಿಂಗಳ ಕೂಸಿತ್ತು.

"ಜೊತೆಗೆ ಕೆಲಸ ಮಾಡ್ತಿದ್ವಿ. ನಾನು ಎಡಗೋಣೆ."

"ಅಯ್ಯೋ, ನೀವೇನಾ! ಮನೇಲಿ ದಿನಾ ನಿಮ್ಮದೇ ಪುರಾಣ. ಇವತ್ತು ಎಡಗೋಣೆ ಎರಡು ಸಾಲು ಹಾರಿಸಿದ್ರು, ನಿದ್ದೆ ಮಾಡಿಲ್ಲ ಅನ್ಸುತ್ತೆ ಅಂತ." ನಗಲು ಹೋಗಿ ಅವರು ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿದರು. "ಬನ್ನಿ, ಮುಖ ನೋಡಿ."

ಮುಖ ಸಣ್ಣದಾಗಿತ್ತು. ಕನ್ನಡಕ ತೆಗೆದಿದ್ದರು, ಮೂಗಿನ ಎರಡೂ ಬದಿಯ ಕುಳಿ ಮಾತ್ರ ಉಳಿದಿತ್ತು. ಎಡಗೋಣೆಯವರಿಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮಗಳು ಅಳುತ್ತಿರಲಿಲ್ಲ. ಕೂಸು ಅತ್ತಾಗ ತಲೆಯೆತ್ತಿ ನೋಡಿ, ಯಾರದೋ ಮನೆಯ ಕೂಸೆಂಬಂತೆ ಮತ್ತೆ ನೆಲ ನೋಡಿದಳು.

"ತಾಯಿ ಹೋದ ದುಃಖ, ಪಾಪ," ಎಂದರು ಯಾರೋ.

"ಇದು ಇವತ್ತಿಂದಲ್ಲ," ಎಂದು ಅಕ್ಕ ಎಡಗೋಣೆಯವರ ಕಿವಿಯಲ್ಲಿ ಹೇಳಿದರು. "ಹೆತ್ತಾಗಿಂದ ಹೀಗೇ. ಹಾಲು ಕುಡಿಸ್ತಾಳೆ, ಕೆಳಗಿಡ್ತಾಳೆ, ಅಷ್ಟೇ. ಎತ್ಕೊಳ್ಳೋದೇ ಇಲ್ಲ. ಡಾಕ್ಟ್ರು ಮಾತ್ರೆ ಕೊಟ್ಟಿದ್ದಾರೆ. ಬಾಯಿಬಿಟ್ಟು ಒಂದು ಮಾತಾಡಲ್ಲ."

*

ಕೆಲಸ ಇಷ್ಟೇ: ಹಿಂದೆ ಹೆಂಗಸರು ಬರೆದ, ಈಗ ಒಂದೋ ಎರಡೋ ಪ್ರತಿ ಉಳಿದಿರುವ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿ, ಯಾರು ಬೇಕಾದರೂ ಓದುವಂತೆ ಮಾಡುವುದು. ಒಂದೇ ಪುಸ್ತಕವನ್ನು ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಪೂರ್ತಿ ಟೈಪ್ ಮಾಡಬೇಕು. ಯಂತ್ರ ಎರಡನ್ನೂ ಹೋಲಿಸಿ, ಹೊಂದದ ಕಡೆ ಕೆಂಪು ಗೆರೆ ಎಳೆಯುತ್ತದೆ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಲಾರರು ಎಂಬ ನಂಬಿಕೆ. ಅದಕ್ಕೇ ಪುಸ್ತಕದ ಬಗ್ಗೆ ಇಬ್ಬರೂ ಮಾತಾಡಕೂಡದು.

ಮಾತಾಡಲಿಲ್ಲ. ಹದಿನಾಲ್ಕು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದರು. ಮಂಡಿನೋವು, ಮಕ್ಕಳ ಓದು, ಮೇಲ್ವಿಚಾರಕರ ಹೊಸ ಹಲ್ಲುಸೆಟ್ಟು, ಎಲ್ಲ ಮಾತಿಗೆ ಬಂದು ಹೋಯಿತು. ಪುಸ್ತಕ ಮಾತ್ರ ಬರಲಿಲ್ಲ.

ಐದು ವರ್ಷದ ಹಿಂದೆ ಕಂದುಬಣ್ಣಕ್ಕೆ ತಿರುಗಿದ ತೆಳ್ಳನೆಯ ಪುಸ್ತಕವೊಂದು ಬಂತು. ಗೃಹಿಣಿಯೊಬ್ಬಳು ತನ್ನ ಬದುಕನ್ನು ಬರೆದುಕೊಂಡದ್ದು. ಅಚ್ಚಾದ ವರ್ಷವೇ ಮನೆಯವರು ಪ್ರತಿಗಳನ್ನೆಲ್ಲ ಒಲೆಗೆ ಹಾಕಿದ್ದರಂತೆ. ಹೇಗೋ ಇದೊಂದು ಉಳಿದಿತ್ತು. ಅರವತ್ತೆರಡನೆಯ ಪುಟದಲ್ಲಿ, ಹೆತ್ತ ಮಗುವನ್ನು ತಾನು ಎತ್ತಿಕೊಳ್ಳದೇ ಹೋದದ್ದರ ಬಗ್ಗೆ ಅವಳು ಮೂರು ಸಾಲು ಬರೆದಿದ್ದಳು. ಎಡಗೋಣೆಯವರ ಬೆರಳು ಅಲ್ಲಿ ನಿಂತಿತು. ಪಾಪ, ಇವಳನ್ನು ಯಾಕೆ ಜನರ ಬಾಯಿಗೆ ಹಾಕಬೇಕು ಅನಿಸಿತು. ಬಿಟ್ಟು ಮುಂದಕ್ಕೆ ಹೋದರು. ಹೇಗೂ ಬಲಗೋಣೆಯವರು ಟೈಪ್ ಮಾಡಿರುತ್ತಾರೆ, ಯಂತ್ರ ಕೆಂಪು ಗೆರೆ ಎಳೆಯುತ್ತದೆ, ಆಗ ಸೇರಿಸಿದರಾಯಿತು.

ಆ ಪುಟದಲ್ಲಿ ಕೆಂಪು ಗೆರೆ ಬರಲೇ ಇಲ್ಲ.

ಎಡಗೋಣೆಯವರು ಪುಟವನ್ನು ಮತ್ತೆ ಮೇಲಿಂದ ಕೆಳಗೆ ನೋಡಿದರು. ಬಲಗೋಣೆಯವರು ಒಂದು ಅಲ್ಪವಿರಾಮವನ್ನೂ ಬಿಡದ ಹೆಂಗಸು. ಮಧ್ಯಾಹ್ನ ಊಟಕ್ಕೆ ಕೂತಾಗ ಬಲಗೋಣೆಯವರ ಕಣ್ಣು ಕೆಂಪಾಗಿತ್ತು. "ಏನ್ರೀ ಅದು?" ಎಂದರೆ "ಧೂಳು ಕಣ್ರೀ," ಎಂದರು. ಇವರು ಟೈಪ್ ಮಾಡಿರುತ್ತಾರೆಂದು ನಂಬಿ ಅವರೂ ಆ ಸಾಲು ಬಿಟ್ಟಿದ್ದರೇನೋ. ಕೇಳಿದರೆ ತನ್ನ ಗುಟ್ಟೂ ಹೊರಬೀಳುತ್ತದೆ. ಇಬ್ಬರೂ ಬಾಯಿ ಬಿಡಲಿಲ್ಲ, ಪುಸ್ತಕ ಆ ಮೂರು ಸಾಲಿಲ್ಲದೆ ಲೋಕಕ್ಕೆ ಹೋಯಿತು. ಪಕ್ಕದಲ್ಲಿ ಪುಟದ ಚಿತ್ರವೇನೋ ಇದೆ. ಆದರೆ ಮಾಸಿಹೋದ ಆ ಅಕ್ಷರಗಳನ್ನು ಚಿತ್ರದಲ್ಲಿ ಓದುವುದು ಯಾರಿಂದಲೂ ಆಗದು.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಲಗೋಣೆಯವರ ಮನೆಗೆ ಬಂದಾಗ ಎರಡು ಗಂಟೆಯಾಗಿತ್ತು. ಮೇಲ್ವಿಚಾರಕರು ಕುರ್ಚಿಗಳನ್ನು ಜೋಡಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು. "ಹದಿನಾಲ್ಕು ವರ್ಷದಲ್ಲಿ ಒಂದು ಸಾಲು ಬಿಟ್ಟವರಲ್ಲ ಕಣ್ರೀ. ಅಂಥವರು ಇನ್ನು ಸಿಗಲ್ಲ."

ಆಗ ಮಗಳು ಎದ್ದು ಬಂದು ಎಡಗೋಣೆಯವರ ಪಕ್ಕ ಕೂತಳು.

"ಆಂಟಿ, ನಿಮ್ಮನ್ನೊಂದು ಕೇಳ್ಬೇಕು. ಹೋದ ವಾರ ಆಸ್ಪತ್ರೇಲಿ ಅಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ರು, ನೀನು ಹುಟ್ಟಿದಾಗ ನಾನೂ ಹೀಗೇ ಇದ್ದೆ ಅಂತ. ನನ್ನನ್ನ ಎತ್ಕೊಳ್ತಾನೇ ಇರಲಿಲ್ವಂತೆ. ಇಂಥ ತಾಯಿ ನಾನೊಬ್ಳೇ ಅಂದ್ಕೊಂಡು ಇಪ್ಪತ್ತೆರಡು ವರ್ಷ ಒಳಗೇ ಇಟ್ಕೊಂಡಿದ್ದೆ, ಆಮೇಲೆ ಹಳೇ ಪುಸ್ತಕವೊಂದ್ರಲ್ಲಿ ಇನ್ನೊಬ್ಳು ಸಿಕ್ಕಿದ್ಳು ಅಂದ್ರು. ಪುಸ್ತಕದ ಹೆಸರೂ ಹೇಳಿದ್ರು."

"ಓದಿದೆಯಾ?"

"ಫೋನಲ್ಲಿ ಎರಡು ಸಲ ಓದಿದೆ. ಎಲ್ಲೂ ಇಲ್ಲ." ಅವಳು ಫೋನನ್ನು ಮುಂದೆ ಹಿಡಿದಳು. "ನನ್ನ ಸಮಾಧಾನಕ್ಕೆ ಕಟ್ಟಿದ ಕತೆ ಅಲ್ವಾ? ನಿಜ ಹೇಳಿ. ಪುಸ್ತಕದ್ದು ಸುಳ್ಳಾದ್ರೆ ಅಮ್ಮ ತಮ್ಮ ಬಗ್ಗೆ ಹೇಳಿದ್ದೂ ಸುಳ್ಳೇ. ಹಾಗಾದ್ರೆ ಇಂಥವಳು ನಾನೊಬ್ಳೇ."

ಎಡಗೋಣೆಯವರು ಮೇಲ್ವಿಚಾರಕರ ಕಡೆ ನೋಡಿದರು. ನಾಲ್ಕು ಹೆಜ್ಜೆ ದೂರದಲ್ಲೇ ಇದ್ದಾರೆ. ಬಾಯಿಬಿಟ್ಟರೆ ತನ್ನ ಕೆಲಸಕ್ಕೆ ಸಂಚಕಾರ, ಸತ್ತವರ ಹೆಸರಿಗೆ ಮಸಿ. ಅವರನ್ನು ಬಿಟ್ಟು ಬಂದು ಇನ್ನೂ ಒಂದು ಗಂಟೆಯಾಗಿಲ್ಲ.

"ಇದೆ ಕಣಮ್ಮ," ಎಂದರು, ದನಿ ತಗ್ಗಿಸದೆ. "ಅರವತ್ತೆರಡನೇ ಪುಟ. 'ಮಗು ಅತ್ತಿತು, ನಾನು ಎತ್ತಿಕೊಳ್ಳಲಿಲ್ಲ. ಎರಡು ತಿಂಗಳು ಅದು ನನ್ನದೆಂದು ಅನಿಸಲೇ ಇಲ್ಲ. ಇದನ್ನು ಯಾರಿಗೂ ಹೇಳಲಾರದೆ ಇಲ್ಲಿ ಬರೆದಿದ್ದೇನೆ.' ನನಗೆ ಬಾಯಿಪಾಠ ಆಗಿಬಿಟ್ಟಿದೆ. ನಾನೂ ಬಿಟ್ಟೆ, ನಿಮ್ಮಮ್ಮನೂ ಬಿಟ್ರು. ಬೇಕಂತಲೇ."

"ಏನಂದ್ರಿ ಮೇಡಂ?" ಮೇಲ್ವಿಚಾರಕರು ಕುರ್ಚಿ ಹಿಡಿದಲ್ಲೇ ನಿಂತರು.

"ಕೇಳಿಸ್ತಲ್ಲ ಸಾರ್. ಬರೆದವಳ ಮನೆಯವರು ಪುಸ್ತಕ ಒಲೆಗೆ ಹಾಕಿದ್ರು. ನಾವು ಬೆಂಕಿ ಹಚ್ಚದೆ ಅದೇ ಕೆಲಸ ಮಾಡಿದ್ವಿ." ಹೇಳುತ್ತಲೇ ಅವರು ಬಿಕ್ಕಿದರು.

ಅಕ್ಕ ಕೂಸನ್ನು ಭುಜಕ್ಕೆ ಒರಗಿಸಿಕೊಂಡು ಹತ್ತಿರ ಬಂದರು. "ನಿಮ್ಮಮ್ಮ ಹೇಳಿದ್ದು ಸುಳ್ಳಲ್ವೇ," ಎಂದರು ಮಗಳಿಗೆ. "ನಿನ್ನನ್ನ ಹೀಗೇ ಹೊತ್ಕೊಂಡು ತಿರುಗಿದ್ದು ನಾನೇ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಳು. ಒಂದಿನ ಬೆಳಿಗ್ಗೆ ತಾನಾಗೇ ಬಂದು, ಕೊಡಕ್ಕಾ ಅಂದ್ಳು. ಆಮೇಲೆ ನೀನು ನೆಲಕ್ಕೆ ಇಳಿದದ್ದೇ ಕಡಿಮೆ."

ಮಗಳು ಕೂಸಿನ ಕಡೆ ನೋಡಿದಳು.

"ತಿದ್ದಬೇಕಾದ್ರೂ ಸಾಲು ಎರಡೂ ಕೋಣೆಯಿಂದ ಬರ್ಬೇಕು, ಅದು ನಿಯಮ," ಎಂದರು ಮೇಲ್ವಿಚಾರಕರು ಕುರ್ಚಿ ಕೆಳಗಿಟ್ಟು. "ಬಲಗೋಣೆ ಖಾಲಿ."

"ನಾನು ಕೂರ್ತೀನಿ," ಎಂದಳು ಮಗಳು.

"ನೀನು ನಮ್ಮ ನೌಕರಳಲ್ಲಮ್ಮ." ಅವರು ಅವಳನ್ನು ನೋಡಿದರು, ಕೂಸನ್ನು ನೋಡಿದರು. ಮೂಗು ಒರೆಸಿಕೊಂಡರು. "ಪುಸ್ತಕ ನಾನೇ ತೆಗೆದು ಕೊಡ್ಬೇಕು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಬೀಗದ ಕೈ ನನ್ನ ಹತ್ರಾನೇ ಇದೆ. ನಡೀರಿ."

*

ಗ್ರಂಥಾಲಯ ಎರಡು ಬೀದಿಯಾಚೆ. ಎಡಗೋಣೆಯವರು ತಮ್ಮ ಕುರ್ಚಿಯಲ್ಲಿ ಕೂತು ಮೂರೂ ಸಾಲು ಟೈಪ್ ಮಾಡಿದರು. ಐದು ವರ್ಷ ಮುಂದೂಡಿದ ಕೆಲಸ, ಒಂದು ನಿಮಿಷವೂ ಹಿಡಿಯಲಿಲ್ಲ.

ಗೋಡೆಯಾಚೆ ಬಲಗೋಣೆಯವರ ಬೆರಳು ಯಾವಾಗಲೂ ಒಂದೇ ಸಮ ಓಡುತ್ತಿತ್ತು. ಈಗ ಒಂದು ಅಕ್ಷರ, ಆಮೇಲೆ ಮೌನ, ಮತ್ತೊಂದು ಅಕ್ಷರ. ಸ್ವಲ್ಪ ಹೊತ್ತಿನಲ್ಲಿ ಕೂಸು ಕಿರುಚಿ ಅಳತೊಡಗಿತು. ಕೀಲಿಮಣೆಯ ಸದ್ದು ನಿಂತಿತು. ಆಮೇಲೆ ಅಳುವೂ ನಿಂತಿತು. ಎಡಗೋಣೆಯವರು ಎದ್ದು ಹೋಗಿ ಬಾಗಿಲಲ್ಲಿ ನಿಂತರು.

ಮೇಲ್ವಿಚಾರಕರು ಪುಟದ ಮೇಲೆ ಭೂತಗನ್ನಡಿ ಹಿಡಿದಿದ್ದರು. ಅಕ್ಕ ಕೂಸನ್ನು ಎತ್ತಿಕೊಂಡು ಕುರ್ಚಿಗೆ ಒತ್ತಿ ನಿಂತಿದ್ದರು. ಮಗಳ ಎಡಗೈಯ ಕಿರುಬೆರಳು ಕೂಸಿನ ಮುಷ್ಟಿಯಲ್ಲಿತ್ತು. ಅವಳು ಅದನ್ನು ಬಿಡಿಸಿಕೊಂಡಿರಲಿಲ್ಲ. ಕೆನ್ನೆ ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ, ಬಲಗೈಯ ಒಂದೇ ಬೆರಳಿನಿಂದ ಮೂರನೆಯ ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕುತ್ತಿದ್ದಳು.